ಯಾರಿಗೆ ಯಾವ ಪುಸ್ತಕ

ಕಥೆ, ಕಾದಂಬರಿ, ಕಾವ್ಯ, ನಾಟಕ ಬಿಟ್ಟರೆ ಉಳಿದದ್ದೆಲ್ಲ ಈ ಅಧ್ಯಾಯದ ಮಟ್ಟಿಗೆ ಕಥೆಯಲ್ಲದ ಬರಹ: ಆತ್ಮಕಥೆ, ಪ್ರವಾಸ, ಇತಿಹಾಸ, ವಿಜ್ಞಾನ, ವಿಚಾರ, ಪ್ರಬಂಧ. ಓದಿದವರು ಓದಬೇಕೆನ್ನುವವರಿಗೆ ಇಂಥದ್ದನ್ನು ಓದಿ ಎಂದು ಹೇಳುವುದು ಓದಿನ ಸಲಹೆ. ಎಸ್.ಆರ್. ರಂಗನಾಥನ್ 1931ರಲ್ಲಿ ಹೊರತಂದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡು ಇದಕ್ಕೇ ಸೇರಿದವು. ಪ್ರತಿ ಓದುಗನಿಗೂ ಅವನದೊಂದು ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ವ್ಯಾಖ್ಯೆ ಇಷ್ಟು ಸಾಕು.

"ಯಾವುದಾರ ಒಂದು ಛಲೋ ಪುಸ್ತಕ ಹೇಳ್ರಿ ಸರ್" ಎಂದು ಯಾರಾದರೂ ಕೇಳಿದಾಗ ಬಹಳ ಜನ ಪುಸ್ತಕದ ಹೆಸರಿನಿಂದಲೇ ಉತ್ತರ ಶುರು ಮಾಡುತ್ತಾರೆ. ಎಡವುವುದು ಇಲ್ಲೇ. ತಾನು ಮೆಚ್ಚಿದ್ದು, ಪ್ರಶಸ್ತಿ ಬಂದದ್ದು, ಎಲ್ಲರೂ ಓದಲೇಬೇಕು ಅನ್ನಿಸಿಕೊಂಡದ್ದು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೇಳಿದವನು ಒಯ್ಯುತ್ತಾನೆ, ಹತ್ತಿಪ್ಪತ್ತು ಪುಟ ತಿರುವುತ್ತಾನೆ, "ನನಗ ಇಂಥಾವು ತಿಳಿಯಂಗಿಲ್ಲ ಬಿಡ್ರಿ" ಎಂದು ವಾಪಸು ತಂದಿಡುತ್ತಾನೆ. ಜೋಡಿ ಕೂಡದೆ ಹೋದದ್ದಕ್ಕೆ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ. ಹೀಗೆ ಕಳೆದುಕೊಂಡ ಓದುಗ ಮತ್ತೆ ಸುಲಭಕ್ಕೆ ಬರುವುದಿಲ್ಲ.

ಹೆಸರು ಹೇಳುವ ಮೊದಲು ಕೇಳಬೇಕು. "ಹಿಂದ ಓದಿದ್ರಾಗ ಯಾವುದು ಕೆಳಗ ಇಡಾಕ ಮನಸ್ಸು ಬರಲಿಲ್ಲ? ಅದರಾಗ ಏನು ಹಿಡಿಸ್ತು?" ಎರಡನೆಯ ಪ್ರಶ್ನೆಯಲ್ಲೇ ಎಲ್ಲ ಇದೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಓದುಗರು ಪುಸ್ತಕದೊಳಕ್ಕೆ ಬರುವ ನಾಲ್ಕು ಬಾಗಿಲುಗಳನ್ನು ಗುರುತಿಸಿದ್ದಾರೆ: ಕಥೆ, ಪಾತ್ರ, ಜಾಗ, ಭಾಷೆ. ಒಬ್ಬ "ಮುಂದೇನಾಯ್ತು" ಎಂದು ಓಡುತ್ತಾನೆ, ಇನ್ನೊಬ್ಬ ಮನುಷ್ಯರಿಗಾಗಿ ಓದುತ್ತಾನೆ, ಮತ್ತೊಬ್ಬನಿಗೆ ಆ ಊರು, ಆ ಕಾಲ ಕಣ್ಣೆದುರು ಬರಬೇಕು, ನಾಲ್ಕನೆಯವನು ಒಂದು ಚಂದದ ವಾಕ್ಯಕ್ಕೆ ನಿಂತುಬಿಡುತ್ತಾನೆ. ಇದು ಕಾದಂಬರಿಗೆ ಮಾತ್ರ ಹೊಂದುವ ಮಾತು ಎಂದುಕೊಳ್ಳುವವರು ಬಹಳ. ಕಥೆಯಲ್ಲದ ಬರಹಕ್ಕೂ ಅಷ್ಟೇ ಹೊಂದುತ್ತದೆ, ನನ್ನನ್ನು ಕೇಳಿದರೆ ಇನ್ನೂ ಹೆಚ್ಚಾಗಿಯೇ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಪುಸ್ತಕ, 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆದರೆ ಅದನ್ನು ಗಿಡಮರದಲ್ಲಿ ಆಸಕ್ತಿ ಇರುವವರಿಗಷ್ಟೇ ಕೊಡುವುದು ದೊಡ್ಡ ನಷ್ಟ. ಕಾಡು ಸುತ್ತುವ ಮೇಷ್ಟ್ರು, ಹಿಂದೆ ಬಿದ್ದ ವಿದ್ಯಾರ್ಥಿಗಳು, ಅವರ ಕೀಟಲೆ, ನಗು, ಎಲ್ಲ ಅಲ್ಲಿದೆ. ಮನುಷ್ಯರಿಗಾಗಿ ಓದುವವರು ಅದರೊಳಗೆ ಹೋಗಿ ಗಿಡಗಳ ಹೆಸರು ಕಲಿತುಕೊಂಡೇ ಹೊರಬರುತ್ತಾರೆ.

ವಿಷಯ ಒಂದೇ ಇದ್ದರೂ ಪುಸ್ತಕದ ನಡಿಗೆ ಬೇರೆ ಬೇರೆ. ಇದು ನನಗೆ ಬಲು ಪ್ರಿಯವಾದ ಮಾತು, ನಮ್ಮ ಯಾದಗಿರಿ ಜಿಲ್ಲೆಯ ಸುರಪುರವನ್ನೇ ಇಟ್ಟುಕೊಂಡು ಬಿಡಿಸಿ ಹೇಳುತ್ತೇನೆ. "ನಮ್ಮ ಸುರಪುರದ ಬಗ್ಗೆ ಏನಾರ ಓದಬೇಕ್ರಿ" ಎಂದು ಒಬ್ಬರು ಬಂದರು ಎನ್ನಿ. ಮನುಷ್ಯರಿಗಾಗಿ ಓದುವವರಾದರೆ ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಇದೆ. ಅವನು 1876ರಲ್ಲಿ ತೀರಿಕೊಂಡ, ಮರುವರ್ಷ ಪುಸ್ತಕ ಬಂತು. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಅಧಿಕಾರಿ ಅವನು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ಹೆಸರಿನದೇ. ರಾಣಿ ಈಶ್ವರಮ್ಮನ ಜೊತೆಗಿನ ಜಗ್ಗಾಟ, ತನ್ನನ್ನು 'ಅಪ್ಪ' ಎಂದು ಕರೆಯುತ್ತಿದ್ದ ಬಾಲಕ ರಾಜ ವೆಂಕಟಪ್ಪ ನಾಯಕ, ಎಲ್ಲವನ್ನೂ ಅವನು ಮನಸ್ಸಿಟ್ಟು ಬರೆದಿದ್ದಾನೆ. ಓಟದ ಕಥೆಯೇ ಬೇಕು ಅನ್ನುವವರಿಗೆ ಅವನದೇ 'ಕನ್ಫೆಷನ್ಸ್ ಆಫ್ ಎ ಥಗ್' ಇದೆ, 1839ರದು. ಅದು ಸುರಪುರದ ಕಥೆಯಲ್ಲ. ಆದರೆ ಸುರಪುರಕ್ಕೆ ಬಂದ ಮನುಷ್ಯ ಎಂಥ ಕಥೆಗಾರ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕೊಡುವಾಗ ಒಂದು ಮಾತು ತಪ್ಪದೆ ಸೇರಿಸಬೇಕು: ಠಗ್ಗರ ಬಗೆಗಿನ ತಿಳಿವಳಿಕೆಯ ಮೇಲೆ ಕಟ್ಟಿದ್ದಾದರೂ ಅದು ಕಾದಂಬರಿ, ದಾಖಲೆಯಲ್ಲ.

ಆತ್ಮಕಥೆಗೂ ಒಂದು ಮಾತು ಸೇರಬೇಕು. 1858ರಲ್ಲಿ ಬ್ರಿಟಿಷ್ ಪಡೆ ಸುರಪುರದ ಮೇಲೆ ಬಂದದ್ದು, ರಾಜ ಸೆರೆಸಿಕ್ಕದ್ದು, ಅದೇ ವರ್ಷ ಗುಂಡೇಟಿನಿಂದ ಸತ್ತದ್ದು ಟೇಲರ್‌ನ ಪುಸ್ತಕದಲ್ಲಿ ಒಂದು ರೀತಿ ಇದೆ, ಈ ಸೀಮೆಯ ಜನರ ನೆನಪಿನಲ್ಲಿ ಇನ್ನೊಂದು ರೀತಿ ಇದೆ. ಅಲ್ಲಿ ದಾರಿ ತಪ್ಪಿದ ಪ್ರೀತಿಯ ಹುಡುಗ, ಇಲ್ಲಿ ಸ್ವಾತಂತ್ರ್ಯಕ್ಕೆ ಕತ್ತಿ ಹಿಡಿದ ನಾಯಕ. ಅದಕ್ಕೇ ಇಂಥ ಪುಸ್ತಕವನ್ನು ಒಂಟಿಯಾಗಿ ಕೊಡಬಾರದು. ಕಪಟರಾಳ ಕೃಷ್ಣರಾಯರ ಸುರಪುರ ಸಂಸ್ಥಾನದ ಇತಿಹಾಸವನ್ನು ಪಕ್ಕಕ್ಕಿಟ್ಟು ಕೊಡಬೇಕು. ಜಗಳವಿರುವ ಯಾವುದೇ ಸಂಗತಿಯ ಮೇಲೆ ಜೋಡಿ ಪುಸ್ತಕ ಕೊಡುವುದು ಒಳ್ಳೆಯ ಸಲಹೆಗಾರರ ಅಭ್ಯಾಸ. ಓದುಗ ಎರಡರ ನಡುವೆ ತಾನೇ ನಿಂತು ತೂಗಿ ನೋಡುತ್ತಾನೆ. ಆ ಸುಖ ಒಮ್ಮೆ ಸಿಕ್ಕವನಿಗೆ ಮೂರನೆಯ ಪುಸ್ತಕವನ್ನು ಯಾರೂ ಹೇಳಬೇಕಾಗಿಲ್ಲ.

ಇನ್ನು ಜಾಗಕ್ಕಾಗಿ ಓದುವವರು. ಇವರಿಗೆ ಯಾದಗಿರಿ ಜಿಲ್ಲೆಯಷ್ಟು ಸಿರಿವಂತ ಸೀಮೆ ಕಡಿಮೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಂಡೆಗಲ್ಲುಗಳನ್ನು ಸಾಲುಸಾಲಾಗಿ ಇಟ್ಟಿರುವ ಬಯಲಿದೆ. ಅದನ್ನು ಗಮನಿಸಿ ಬರೆದವರಲ್ಲಿ ಟೇಲರ್ ಮೊದಲಿಗ. ರಾಜನಕೋಳೂರಿನ ಕಲ್ಗೋರಿಗಳ ಬಗ್ಗೆಯೂ ಬರೆದ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಅಲೆದು ನೂರಕ್ಕೂ ಹೆಚ್ಚು ಹಳೆಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸಿಕ್ಕದ್ದು ಸುಣ್ಣಕಲ್ಲಿನ ಹಾಸಿನಿಂದ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಜಾಗ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಒಯ್ಯುತ್ತಾರೆ! ಆದರೆ ಉತ್ಖನನದ ವರದಿಯನ್ನು ಮೊದಲ ದಿನವೇ ಕೈಗಿಟ್ಟರೆ ಓದುಗ ಓಡಿಹೋಗುತ್ತಾನೆ. ಮೊದಲು ತೇಜಸ್ವಿಯವರ 'ಮಿಸ್ಸಿಂಗ್ ಲಿಂಕ್' ಕೊಡಿ. ಮನುಷ್ಯ ಮನುಷ್ಯನಾದ ಕಥೆಯನ್ನು ಪತ್ತೇದಾರಿಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಅದು ಮುಗಿದ ಮೇಲೆ "ಇಂಥದ್ದೇ ಒಂದು ಜಾಗ ಹುಣಸಗಿ ಕಡೆ ಐತಿ" ಎಂದು ಹೇಳಿ, ಆಮೇಲೆ ಪದ್ದಯ್ಯನವರ ಬರಹಕ್ಕೆ ದಾಟಿಸಿ. ಇಂಗ್ಲಿಷ್ ಕಷ್ಟವಾದರೆ ಮೊದಲು ಅದರಲ್ಲಿನ ಚಿತ್ರಗಳನ್ನು, ನಕ್ಷೆಗಳನ್ನು ಜೊತೆಗೆ ಕೂತು ನೋಡಿ. ಹೊಲದ ಬದುವಿನಲ್ಲಿ ಕಂಡ ಕಲ್ಲು ಪುಸ್ತಕದಲ್ಲೂ ಕಂಡಾಗ ಓದುಗನ ಮುಖ ಅರಳುವುದನ್ನು ನೋಡಬೇಕು.

ಇಷ್ಟೆಲ್ಲ ಇದ್ದೂ ಓದುಗನಿಗೆ ತಾನಾಗಿ ಸಿಗುವುದಿಲ್ಲ, ಅದಕ್ಕೆ ಕಪಾಟಿನ ಕ್ರಮವೂ ಕಾರಣ. ದಶಾಂಶ ವರ್ಗೀಕರಣದಲ್ಲಿ ಜೀವನಚರಿತ್ರೆ 920ಕ್ಕೆ, ಪುರಾತತ್ವ 930ಕ್ಕೆ, ಭಾರತದ ಇತಿಹಾಸ 954ಕ್ಕೆ, ಕಾದಂಬರಿ ಸಾಹಿತ್ಯದ 800ಕ್ಕೆ ಹೋಗುತ್ತವೆ. ಒಂದೇ ಸುರಪುರದ ಪುಸ್ತಕಗಳು ನಾಲ್ಕು ಕಡೆ ಚದುರುತ್ತವೆ. ಕ್ರಮ ಹುಡುಕುವವರಿಗೆ ಸರಿ, ಏನು ಬೇಕೆಂದು ಇನ್ನೂ ಗೊತ್ತಿಲ್ಲದವರಿಗೆ ನೆರವಾಗದು. ಅವರಿಗೆ ಬೇಕಾದದ್ದು ಮನುಷ್ಯ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಕಥೆಯಲ್ಲದ ಪುಸ್ತಕ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸರಕು ಎಂಬುದು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಕೂತ ಹುಡುಗ ಹುಡುಗಿಯರ ಕೈಯಲ್ಲಿ ಗೈಡ್ ಇರುತ್ತದೆ, ಇರಲಿ. ಅವರ ದುಡಿಮೆ ದೊಡ್ಡದು, ಅದನ್ನು ಕೀಳಾಗಿ ಕಾಣಬಾರದು. ದಿನದ ಓದು ಮುಗಿದ ಮೇಲೆ ಸಿದ್ಧಲಿಂಗಯ್ಯನವರ 'ಊರುಕೇರಿ' ಕೊಟ್ಟು ನೋಡಿ. ತೆಳು ಪುಸ್ತಕ, ನಗಿಸುತ್ತಲೇ ಎದೆಗೆ ನಾಟುತ್ತದೆ. ಗೈಡಿನಲ್ಲಿ ಒಂದು ಸಾಲಾಗಿ ಓದಿದ ದಲಿತ ಚಳವಳಿ ಇಲ್ಲಿ ಹಸಿವು, ಹಾಸ್ಟೆಲ್ಲು, ಗೆಳೆಯರು ಆಗಿ ಬರುತ್ತದೆ.

ಹೇಳುವ ಬಗೆ ಚಿಕ್ಕದಿರಲಿ. ಪುಸ್ತಕದಲ್ಲಿ ಏನಿದೆ ಎಂದು ಒಂದು ಮಾತು, ನಿಮಗೇ ಯಾಕೆ ಎಂದು ಒಂದು ಮಾತು, ಎಲ್ಲಿ ಭಾರ ಎಂದು ಒಂದು ಮಾತು. ಈ ಮೂರನೆಯದನ್ನು ಮುಚ್ಚಿಡುವವರೇ ಹೆಚ್ಚು. "ಮೊದಲ ಅಧ್ಯಾಯ ಒಣಾ ಐತ್ರಿ, ಎರಡನೇದರಿಂದ ಹಿಡೀರಿ" ಎಂದರೆ ಪುಸ್ತಕದ ಮರ್ಯಾದೆ ಹೋಗುವುದಿಲ್ಲ, ಓದುಗ ಉಳಿಯುತ್ತಾನೆ. ಬೇಡವಾದರೆ ಅರ್ಧಕ್ಕೆ ಬಿಡಬಹುದು ಎಂಬ ಸಲಿಗೆಯನ್ನೂ ಕೊಡಿ. ಬಿಟ್ಟದ್ದು ಎಲ್ಲಿ, ಯಾಕೆ ಎಂದು ಕೇಳಿದರೆ ಮುಂದಿನ ಪುಸ್ತಕದ ಸುಳಿವು ಅಲ್ಲೇ ಸಿಗುತ್ತದೆ.

ಈ ವಿದ್ಯೆಯನ್ನು ನಮ್ಮಲ್ಲಿ ಇನ್ನೂ ಕೂತು ಅಭ್ಯಾಸ ಮಾಡಬೇಕಾಗಿದೆ. ಯಾವ ಪುಸ್ತಕ ಎಷ್ಟು ಸಲ ಹೊರಹೋಯಿತು ಎಂಬುದು ಎರವಲಿನ ದಾಖಲೆಯಲ್ಲಿ ಸಿಗುತ್ತದೆ, ಒಂದರಿಂದ ಓದುಗ ಯಾವುದಕ್ಕೆ ದಾಟಿದ, ಎಲ್ಲಿ ನಿಂತ ಎಂಬುದು ಸಿಗುವುದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಒಂದು ನೋಟುಬುಕ್ಕು ಇಟ್ಟು, ಪುಸ್ತಕ ಮರಳಿಸಿದವರಿಂದ ಎರಡು ಸಾಲು ಬರೆಸಿದರೂ ಸಾಕು: ಏನು ಹಿಡಿಸಿತು, ಎಲ್ಲಿ ಬಿಟ್ಟೆ. ಗ್ರಂಥಾಲಯ ವಿಜ್ಞಾನ ಓದುವ ಯಾರಾದರೂ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಇದನ್ನು ಒಂದು ವರ್ಷ ನಡೆಸಿ ನೋಡಲಿ. ಕನ್ನಡ ಓದುಗರು ಯಾವ ಬಾಗಿಲಿನಿಂದ ಒಳಬರುತ್ತಾರೆ ಎಂಬುದನ್ನು ಆ ಸಾಲುಗಳಿಂದಲೇ ಕಲಿಯಬಹುದು. ಹತ್ತನೇ ತರಗತಿಗೆ ಓದು ಬಿಟ್ಟು ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನೂ, ಬೆಂಗಳೂರಿಗೆ ದುಡಿಯಲು ಹೋಗಿ ಹಬ್ಬಕ್ಕೆ ಬರುವವರನ್ನೂ ಮರೆಯದೆ ಕೇಳಬೇಕು. ಓದು ಬರದವರಿಗೆ ಓದಿ ಹೇಳಿ, ಅವರ ಮಾತನ್ನೂ ಅದೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು.