ಬೆನ್ನಿಗೊಪ್ಪುವ ಚೀಲ

ಪ್ರಯಾಣಕ್ಕೆ ಹೊರಡುವವನು ಮೊದಲು ಊರನ್ನು ಆರಿಸುತ್ತಾನೆ. ಬಳಿಕ ದಿನವನ್ನು ಗೊತ್ತುಮಾಡುತ್ತಾನೆ. ಆಮೇಲೆ ಟಿಕೇಟಿನ ಏರ್ಪಾಡು ನಡೆಯುತ್ತದೆ. ಚೀಲದ ಯೋಚನೆ ಬರುವುದು ಹೊರಡುವ ಹಿಂದಿನ ಸಂಜೆ. ಆದರೆ ದಾರಿಯುದ್ದಕ್ಕೂ ಅವನನ್ನು ಅಗಲದೆ ಅಂಟಿಕೊಂಡಿರುವ ವಸ್ತು ಆ ಚೀಲವೊಂದೇ. ಅದು ಒಳ್ಳೆಯದಾಗಿದ್ದರೆ ಪ್ರಯಾಣಿಕನಿಗೆ ಅದರ ನೆನಪೇ ಇರುವುದಿಲ್ಲ. ಕೆಟ್ಟುದಾಗಿದ್ದರೆ ಬೇರಾವುದರ ನೆನಪೂ ಇರುವುದಿಲ್ಲ. ಆದುದರಿಂದ ಈ ಹೊತ್ತು ನಾವು ಬೆನ್ನುಚೀಲವನ್ನು ಆರಿಸುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇದು ಬೆಟ್ಟ ಹತ್ತುವ ವಿನೋದಪ್ರಿಯರಿಗೆ ಮಾತ್ರ ಸೇರಿದ ವಿಷಯವೆಂದು ಯಾರೂ ತಿಳಿಯಬಾರದು. ಬೆಳಗಿನ ಹೊತ್ತು ಆನೇಕಲ್ಲಿನ ಬಸ್ ನಿಲ್ದಾಣವನ್ನು ನೋಡಿದರೆ ಸಾಕು. 1978ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನೌಕರರು, ಜಿಗಣಿ ಬೊಮ್ಮಸಂದ್ರಗಳ ಕಾರ್ಖಾನೆಗಳ ಕೆಲಸಗಾರರು, ಕಾಲೇಜಿನ ತರುಣ ತರುಣಿಯರು, ಇವರಲ್ಲಿ ಬೆನ್ನಿಗೆ ಚೀಲವಿಲ್ಲದವರು ವಿರಳ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಬಂದ ಮೇಲೆ ನಿಲ್ದಾಣದ ಮೆಟ್ಟಿಲುಗಳನ್ನು ಹತ್ತಿಳಿಯುವ ಹೊರೆಗಾರರ ಸಂಖ್ಯೆ ಇನ್ನೂ ಹೆಚ್ಚಿದೆ. ಭಾನುವಾರ ಮುತ್ಯಾಲಮಡುವಿನ ಮೆಟ್ಟಿಲುಗಳನ್ನಿಳಿಯುವವರ ಬೆನ್ನಿನ ಮೇಲೂ ಅದೇ ಚೀಲ. ಶಿವರಾತ್ರಿಯ ಕಾಲಕ್ಕೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಯಾತ್ರಿಕರ ಬೆನ್ನಿನ ಮೇಲೂ ಅದೇ ಚೀಲ. ದಿನಕ್ಕೆ ಒಂದು ಗಂಟೆ ಹೊರುವವನಿಗೂ ಎಂಟು ಗಂಟೆ ಹೊರುವವನಿಗೂ ಬೆನ್ನು ಒಂದೇ ಅಲ್ಲವೆ?

ಹೊರೆ ಹೊರುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ತಲೆಯ ಮೇಲೆ ಸಿಂಬಿಯನ್ನಿಟ್ಟು ಕೊಡವನ್ನು ಹೊರುವ ಹೆಣ್ಣುಮಗಳು ಭಾರವನ್ನು ನೇರವಾಗಿ ಬೆನ್ನುಮೂಳೆಯ ಮೇಲೆಯೇ ನಿಲ್ಲಿಸುತ್ತಾಳೆ. ಕಾವಡಿಯವನು ಅದನ್ನು ಎರಡು ಪಾಲುಮಾಡಿ ಎರಡು ತುದಿಗಳಿಗೆ ತೂಗಹಾಕುತ್ತಾನೆ. ಎರಡು ಬಾಯಿಗಳ ಹಸುಬೆಯನ್ನು ಹೆಗಲಿಗೆ ಹಾಕಿಕೊಂಡವನಿಗೆ ಅರ್ಧ ಭಾರ ಎದೆಯ ಕಡೆಗೆ, ಅರ್ಧ ಭಾರ ಬೆನ್ನಿನ ಕಡೆಗೆ. ಈ ಮೂರರಲ್ಲಿಯೂ ಅಡಗಿರುವ ತತ್ತ್ವ ಒಂದೇ: ಹೊರೆಯ ತೂಕವು ಹೊರುವವನ ಪಾದಗಳ ನೇರಕ್ಕೇ ಬೀಳಬೇಕು. ಬೆನ್ನುಚೀಲವಾದರೋ ಈ ತತ್ತ್ವಕ್ಕೆ ವಿರೋಧವಾಗಿದೆ. ಅದರ ಭಾರವೆಲ್ಲವೂ ಹಿಂದುಗಡೆಗೇ ಇದ್ದು ದೇಹವನ್ನು ಹಿಂದಕ್ಕೆ ಎಳೆಯುತ್ತದೆ. ಬೀಳದಿರುವುದಕ್ಕಾಗಿ ನಾವು ಮುಂದಕ್ಕೆ ಬಾಗುತ್ತೇವೆ. ಕೈಗಳೆರಡೂ ಬಿಡುವಾಗಿರುತ್ತವೆಂಬ ಒಂದು ದೊಡ್ಡ ಅನುಕೂಲಕ್ಕಾಗಿ ಈ ದೋಷವನ್ನು ನಾವು ಸಹಿಸಿಕೊಂಡಿದ್ದೇವೆ. ಒಳ್ಳೆಯ ಬೆನ್ನುಚೀಲವೆಂದರೆ ಈ ದೋಷವನ್ನು ಆದಷ್ಟು ಕಡಿಮೆಮಾಡುವ ಚೀಲ. ಈ ಒಂದು ಮಾತನ್ನು ಹಿಡಿದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊರಡುತ್ತವೆ.

ಬೆನ್ನುಚೀಲದ ಚರಿತ್ರೆಯೂ ಈ ದೋಷವನ್ನು ತಿದ್ದುವ ಪ್ರಯತ್ನದ ಚರಿತ್ರೆಯೇ ಆಗಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನೊಬ್ಬನ ಶರೀರವು ದೊರೆಯಿತು. ಅವನ ಬಳಿಯಿದ್ದ ಬಾಗಿದ ಮರದ ಕೋಲು ಮತ್ತು ಹಲಗೆಗಳು ಬೆನ್ನಿನ ಹೊರೆಯ ಚೌಕಟ್ಟಾಗಿದ್ದಿರಬೇಕೆಂದು ಹಲವರು ವಿದ್ವಾಂಸರು ಊಹಿಸಿದ್ದಾರೆ. 1909ರಲ್ಲಿ ನಾರ್ವೆ ದೇಶದ ಓಲೆ ಬರ್ಗನ್ ಎಂಬಾತನು ಬೆನ್ನಿನ ಆಕಾರಕ್ಕೆ ಬಾಗಿಸಿದ ಚೌಕಟ್ಟಿನ ಚೀಲಕ್ಕೆ ಹಕ್ಕುಪತ್ರವನ್ನು ಪಡೆದನು. 1952ರ ಸುಮಾರಿಗೆ ಅಮೆರಿಕದ ಡಿಕ್ ಕೆಲ್ಟಿ ಎಂಬಾತನು ಹಗುರವಾದ ಅಲ್ಯೂಮಿನಿಯಂ ಚೌಕಟ್ಟನ್ನೂ ಸೊಂಟದ ಪಟ್ಟಿಯನ್ನೂ ಸೇರಿಸಿ ಚೀಲಗಳನ್ನು ಮಾರಲಾರಂಭಿಸಿದನು. ಭಾರವು ಹೆಗಲನ್ನು ಬಿಟ್ಟು ಸೊಂಟಕ್ಕೆ ಇಳಿಯತೊಡಗಿದುದು ಹೀಗೆ. ಹೆಗಲಿನ ಮಾಂಸಖಂಡಗಳು ಬೇಗ ದಣಿಯುವಂಥವು. ಸೊಂಟದ ಎಲುಬಾದರೋ ದೇಹದಲ್ಲಿ ಬಲವಾದ ಎಲುಬುಗಳಲ್ಲೊಂದು, ಅದು ತೂಕವನ್ನು ನೆಟ್ಟಗೆ ಕಾಲುಗಳಿಗೆ ದಾಟಿಸುತ್ತದೆ.

ಈಗ ಆಯ್ಕೆಯ ಮಾತಿಗೆ ಬರೋಣ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಬಣ್ಣವನ್ನೂ ಆಮೇಲೆ ಜೇಬುಗಳ ಸಂಖ್ಯೆಯನ್ನೂ ಕೊನೆಗೆ ಬೆಲೆಯನ್ನೂ ನೋಡುತ್ತಾರೆ. ಮೊದಲು ನೋಡತಕ್ಕದ್ದು ತಮ್ಮ ಬೆನ್ನಿನ ಉದ್ದವನ್ನು. ಇಬ್ಬರು ಒಂದೇ ಎತ್ತರದವರಾಗಿದ್ದರೂ ಒಬ್ಬರ ಕಾಲು ಉದ್ದವಾಗಿ ಇನ್ನೊಬ್ಬರ ಬೆನ್ನು ಉದ್ದವಾಗಿರಬಹುದು. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಗಂಟಿನಂತೆ ಕೈಗೆ ಸಿಕ್ಕುತ್ತದೆ. ಎರಡು ಕೈಗಳನ್ನೂ ಸೊಂಟದ ಎಲುಬಿನ ಮೇಲಂಚಿನಲ್ಲಿ ಹೆಬ್ಬೆರಳುಗಳು ಹಿಂದಕ್ಕೆ ಬರುವಂತೆ ಇಟ್ಟುಕೊಂಡರೆ ಹೆಬ್ಬೆರಳುಗಳ ನಡುವಣ ಗೆರೆ ಎರಡನೆಯ ಗುರುತು. ಈ ಎರಡರ ನಡುವಣ ಅಂತರವನ್ನು ಮನೆಯವರಲ್ಲೊಬ್ಬರು ಹೊಲಿಗೆಯ ಟೇಪಿನಿಂದ ಬೆನ್ನಿನ ಬಾಗನ್ನು ಅನುಸರಿಸಿ ಅಳೆಯಲಿ. ವಯಸ್ಕರಲ್ಲಿ ಇದು ಸುಮಾರು 38ರಿಂದ 53 ಸೆಂಟಿಮೀಟರುಗಳವರೆಗೆ ಇರುವುದುಂಟು. ದೊಡ್ಡ ಚೀಲಗಳಲ್ಲಿ ಈ ಅಳತೆಯನ್ನು ಕಾಣಿಸಿರುತ್ತಾರೆ. ಕೆಲವನ್ನು ಏರಿಸಿ ಇಳಿಸಲೂಬಹುದು. ಗಂಡಸಿನ ಬೆನ್ನಿಗೆ ಹೊಲಿದ ಚೀಲವನ್ನು ಗಿಡ್ಡ ಬೆನ್ನಿನ ಹೆಂಗಸು ಹೊತ್ತರೆ ಸೊಂಟದ ಪಟ್ಟಿ ತೊಡೆಯ ಮೇಲೆ ಕುಳಿತು ಭಾರವೆಲ್ಲ ಮತ್ತೆ ಹೆಗಲಿಗೇ ಬರುತ್ತದೆ. ಎಷ್ಟು ಬೆಲೆಯ ಚೀಲವಾದರೂ ಆಕೆಗೆ ಅದು ಕೆಟ್ಟ ಚೀಲವೇ.

ಎರಡನೆಯದು ಗಾತ್ರ. ಇದನ್ನು ಲೀಟರುಗಳಲ್ಲಿ ಹೇಳುವುದು ವಾಡಿಕೆ. ಒಂದು ದಿನದ ತಿರುಗಾಟಕ್ಕೆ 20ರಿಂದ 30 ಲೀಟರು ಸಾಕು. ಒಂದು ವಾರದ ಊರೂರು ಪ್ರಯಾಣಕ್ಕೆ 35ರಿಂದ 45 ಲೀಟರು ಸಾಕು; ನಡುವೆ ಬಟ್ಟೆಯನ್ನು ಒಗೆದುಕೊಳ್ಳುವ ಮನಸ್ಸಿದ್ದರೆ ಎರಡು ವಾರಕ್ಕೂ ಅದೇ ಸಾಕು. ಡೇರೆ ಹಾಸಿಗೆ ಅಡಿಗೆಯ ಪಾತ್ರೆಗಳನ್ನು ಹೊತ್ತು ಬೆಟ್ಟಗಳಲ್ಲಿ ತಂಗುವವರಿಗೆ ಮಾತ್ರ 60 ಲೀಟರಿನ ಚೀಲ ಬೇಕಾಗುತ್ತದೆ. 'ಇರಲಿ, ಎಂದಾದರೂ ಬೇಕಾದೀತು' ಎಂದು ದೊಡ್ಡ ಚೀಲವನ್ನು ಕೊಳ್ಳುವುದು ನಮ್ಮ ಗೃಹಸ್ಥರ ಸ್ವಭಾವ. ಆದರೆ ಜಾಗವಿದ್ದಷ್ಟು ಸಾಮಾನು ಬೆಳೆಯುತ್ತದೆ. ಚಿಕ್ಕ ಚೀಲವು ಮನೆಯಲ್ಲಿಯೇ ನಮ್ಮ ಆಸೆಗೆ ಕಡಿವಾಣ ಹಾಕುತ್ತದೆ. ದೊಡ್ಡ ಚೀಲವು ಆ ಶಿಕ್ಷೆಯನ್ನು ದಾರಿಯಲ್ಲಿ ವಿಧಿಸುತ್ತದೆ.

ತೂಕಕ್ಕೂ ಒಂದು ಮಿತಿಯುಂಟು. ದಿನನಿತ್ಯದ ಚೀಲವು ಹೊರುವವನ ದೇಹದ ತೂಕದ ಹತ್ತರಲ್ಲೊಂದು ಪಾಲನ್ನೂ, ಸೊಂಟಪಟ್ಟಿಯುಳ್ಳ ಪ್ರಯಾಣದ ಚೀಲವು ಐದರಲ್ಲೊಂದು ಪಾಲನ್ನೂ ಮೀರದಿರುವುದು ಲೇಸೆಂದು ಅನುಭವಿಗಳ ಮತ. 50 ಕಿಲೋ ತೂಗುವವರಿಗೆ ಕ್ರಮವಾಗಿ 5 ಕಿಲೋ ಮತ್ತು 10 ಕಿಲೋ ಆಯಿತು. ಎರಡು ಲೀಟರು ನೀರೇ 2 ಕಿಲೋ ಎಂಬುದನ್ನು ಮರೆಯಬಾರದು. ಬರಿದಾದ ಚೀಲವೇ 2 ಕಿಲೋ ತೂಗಿದರೆ ಉಳಿದದ್ದೆಷ್ಟು? ಆದುದರಿಂದ ಕೊಳ್ಳುವಾಗ ಬರಿಚೀಲದ ತೂಕವನ್ನೂ ಕೇಳಿ ತಿಳಿಯತಕ್ಕದ್ದು.

ಇನ್ನು ಬಟ್ಟೆಯ ವಿಚಾರ. ಚೀಲದ ಚೀಟಿಯ ಮೇಲೆ 420 ಡಿ, 600 ಡಿ, 1000 ಡಿ ಎಂದು ಬರೆದಿರುವುದನ್ನು ಶ್ರೋತೃಗಳು ಕಂಡಿರಬಹುದು. ಅಂಗಡಿಯವನನ್ನು ಕೇಳಿದರೆ 'ಗಟ್ಟಿ' ಎಂದಷ್ಟೇ ಉತ್ತರ ಬರುತ್ತದೆ. ಆನೇಕಲ್ಲಿನ ರೇಷ್ಮೆಯ ನೇಕಾರರನ್ನು ಕೇಳಿದರೆ ಪೂರ್ಣವಾದ ಉತ್ತರ ಸಿಕ್ಕೀತು. ಏಕೆಂದರೆ ಡೆನಿಯರ್ ಎಂಬ ಈ ಅಳತೆ ರೇಷ್ಮೆಯ ವ್ಯಾಪಾರದಿಂದಲೇ ಬಂದದ್ದು. 9,000 ಮೀಟರು ಉದ್ದದ ಎಳೆ ಎಷ್ಟು ಗ್ರಾಂ ತೂಗುವುದೋ ಅದು ಅಷ್ಟು ಡೆನಿಯರು. ರೇಷ್ಮೆಯ ಗೂಡಿನಿಂದ ಬಿಚ್ಚುವ ಒಂಟಿ ಎಳೆಯು 2–3 ಡೆನಿಯರಿನದು. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ತೆಗೆದ ಕಚ್ಚಾ ರೇಷ್ಮೆಯ ನೂಲು ಸಾಮಾನ್ಯವಾಗಿ 20–22 ಡೆನಿಯರಿನದು. ಅದೇ ಲೆಕ್ಕದಲ್ಲಿ 420 ಡೆನಿಯರೆಂದರೆ ಆ ನೂಲಿಗಿಂತ ಸುಮಾರು ಇಪ್ಪತ್ತು ಪಟ್ಟು ತೂಕದ ನೂಲು. ಆದರೆ ನೂಲು ದಪ್ಪವಾದ ಮಾತ್ರಕ್ಕೆ ಬಟ್ಟೆ ಬಾಳುವುದೆಂದಿಲ್ಲವೆಂಬುದನ್ನು ನೇಕಾರನು ಬಲ್ಲನು. ನೂಲಿನ ಜಾತಿಯೂ ಹಾಸುಹೊಕ್ಕುಗಳ ಬಿಗುವೂ ಅಷ್ಟೇ ಮುಖ್ಯ. ಒಂದೇ ಡೆನಿಯರಿನ ನೈಲಾನು ಪಾಲಿಯೆಸ್ಟರಿಗಿಂತ ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ. ಪಾಲಿಯೆಸ್ಟರು ಬಿಸಿಲನ್ನು ಹೆಚ್ಚು ತಡೆಯುತ್ತದೆ. ನಡುನಡುವೆ ದಪ್ಪ ನೂಲನ್ನು ಚೌಕಳಿಯಾಗಿ ಹೆಣೆದ ತೆಳುಬಟ್ಟೆಯೂ ಉಂಟು. ಅದು ಒಂದೆಡೆ ಹರಿದರೂ ಹರುಕು ಮುಂದಕ್ಕೆ ಹಬ್ಬುವುದಿಲ್ಲ. ಸಾಧಾರಣ ಪ್ರಯಾಣಕ್ಕೆ 400ರಿಂದ 600 ಡೆನಿಯರಿನ ಬಿಗಿಯಾದ ನೇಯ್ಗೆ ಧಾರಾಳವಾಗಿ ಸಾಕು.

ಆದರೂ ಚೀಲವು ಸಾಮಾನ್ಯವಾಗಿ ಬಟ್ಟೆಯಲ್ಲಿ ಸಾಯುವುದಿಲ್ಲ. ಹೊಲಿಗೆಯಲ್ಲಿಯೂ ಜಿಪ್ಪಿನಲ್ಲಿಯೂ ಸಾಯುತ್ತದೆ. ಬೊಮ್ಮಸಂದ್ರದ ಸುತ್ತಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ಪರೀಕ್ಷೆಯನ್ನು ಯಾರೂ ಕಲಿಸಬೇಕಾಗಿಲ್ಲ. ಉಡುಪಿನ ಹೊಲಿಗೆಯನ್ನು ಅವರು ತಿರುವಿಹಾಕಿ ನೋಡುತ್ತಾರೆ. ಚೀಲವನ್ನೂ ಹಾಗೆಯೇ ನೋಡಬೇಕು. ಒಳಗಿನ ಅಂಚುಗಳಿಗೆ ಪಟ್ಟಿಯ ಮುಚ್ಚಿಗೆಯಿದೆಯೆ, ಅಥವಾ ನೂಲುಗಳು ಬಿಚ್ಚಿಕೊಂಡಿವೆಯೆ? ಹೆಗಲಪಟ್ಟಿಯು ಚೀಲಕ್ಕೆ ಸೇರುವ ಸ್ಥಳದಲ್ಲಿ ಒಂದೇ ಸಾಲಿನ ಹೊಲಿಗೆಯಿದೆಯೆ, ಹಲವು ಸಲ ಹೋಗಿಬಂದ ಒತ್ತು ಹೊಲಿಗೆಯಿದೆಯೆ? ಚೀಲದ ಭಾರವೆಲ್ಲವೂ ತೂಗುವುದು ಆ ಎರಡು ಮೂರು ಅಂಗುಲಗಳಲ್ಲಿ. ಜಿಪ್ಪಿನ ಓಟಕದ ಹಿಂಭಾಗದಲ್ಲಿ 5, 8, 10 ಎಂಬ ಅಂಕಿಗಳಲ್ಲೊಂದನ್ನು ಕಾಣಬಹುದು. ಅಂಕಿ ದೊಡ್ಡದಾದಷ್ಟು ಹಲ್ಲುಗಳು ಅಗಲ. ಮುಖ್ಯವಾದ ಬಾಯಿಗೆ 8 ಅಥವಾ 10 ಇರುವುದು ಒಳ್ಳೆಯದು. ಮೂಲೆಯಲ್ಲಿ ಜಿಪ್ಪನ್ನು ಒಂದೇ ಕೈಯಿಂದ ಎಳೆದು ನೋಡಬೇಕು. ಬರಿಚೀಲದಲ್ಲಿಯೇ ತೊಡರುವ ಜಿಪ್ಪು ತುಂಬಿದ ಚೀಲದಲ್ಲಿ ಹರಿಯದೆ ಇರದು.

ಆನೆಕಲ್ಲೆಂದರೆ ಆಲಿಕಲ್ಲು, ಊರಿಗೆ ಆ ಹೆಸರೇ ಬಂದಿತೆಂಬ ಹೇಳಿಕೆಯೂ ಉಂಟು. ಅಂಥ ಸೀಮೆಯಲ್ಲಿ ಮಳೆಯ ಮಾತನ್ನು ಬಿಡುವಂತಿಲ್ಲ. ನೀರು ತಡೆಯುತ್ತದೆಂದು ಬರೆದಿರುವ ಚೀಲಗಳಲ್ಲಿ ಹೆಚ್ಚಿನವಕ್ಕೆ ಬಟ್ಟೆಯ ಒಳಮೈಗೆ ತೆಳ್ಳನೆಯ ಲೇಪವಿರುತ್ತದೆ. ಅದು ತುಂತುರನ್ನು ತಡೆದೀತು. ಜಡಿಮಳೆಯ ನೀರಾದರೋ ಹೊಲಿಗೆಯ ರಂಧ್ರಗಳಿಂದಲೂ ಜಿಪ್ಪಿನಿಂದಲೂ ಒಳಗಿಳಿಯುತ್ತದೆ. ಮೇಲೆ ಹೊದಿಸುವ ಗವಸು ಒಂದು ಉಪಾಯ. ಬಟ್ಟೆ ಮತ್ತು ಕಾಗದಪತ್ರಗಳನ್ನು ಗಟ್ಟಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡುವುದು ಅದಕ್ಕಿಂತ ಅಗ್ಗದ, ನಂಬಲರ್ಹವಾದ ಉಪಾಯ. ತೇವ ಮತ್ತು ಸೆಕೆಗಳಿಂದ ಈ ಲೇಪವು ಕೆಲವು ವರ್ಷಗಳಲ್ಲಿ ಅಂಟಂಟಾಗಿ ಸುಲಿಯುವುದರಿಂದ ಪ್ರಯಾಣ ಮುಗಿದ ಮೇಲೆ ಚೀಲವನ್ನು ನೆರಳಿನಲ್ಲಿ ಒಣಗಿಸಿ ಗಾಳಿಯಾಡುವ ಕಡೆ ಇಡಬೇಕು.

ಇಷ್ಟೆಲ್ಲ ನೋಡಿಯಾದ ಮೇಲೂ ಹೊತ್ತು ನೋಡದೆ ಚೀಲವನ್ನು ಕೊಳ್ಳಬಾರದು. ಅಂಗಡಿಯಲ್ಲಿ ಬರಿಚೀಲವು ಎಲ್ಲರ ಬೆನ್ನಿಗೂ ಒಪ್ಪುತ್ತದೆ. ಅದರಲ್ಲಿ ಏಳೆಂಟು ಕಿಲೋ ಸಾಮಾನನ್ನು ತುಂಬಿಸಿ, ಪಟ್ಟಿಗಳೆಲ್ಲವನ್ನೂ ಸಡಿಲಿಸಿ ಹೊರಬೇಕು. ಮೊದಲು ಸೊಂಟದ ಪಟ್ಟಿಯನ್ನು ಎಲುಬಿನ ಮೇಲೆ ಕೂರಿಸಿ ಬಿಗಿಯತಕ್ಕದ್ದು. ಆಮೇಲೆ ಹೆಗಲ ಪಟ್ಟಿಗಳನ್ನು ಬೆನ್ನಿಗೆ ಚೀಲ ತಗಲುವಷ್ಟು ಮಾತ್ರ ಎಳೆಯತಕ್ಕದ್ದು. ಕೊನೆಯಲ್ಲಿ ಎದೆಯ ಪಟ್ಟಿ. ಅನಂತರ ಕಾಲು ಗಂಟೆ ನಡೆದು, ಮೆಟ್ಟಿಲು ಹತ್ತಿಳಿಯಬೇಕು. ಹೆಗಲಿನ ಮೇಲೆ ಒತ್ತು ಬಂದರೆ ಅಳತೆ ಸರಿಯಿಲ್ಲ. ಕೈಬೆರಳುಗಳು ಜೋಮು ಹಿಡಿದರೆ ಆ ಚೀಲವನ್ನು ಅಲ್ಲಿಯೇ ಬಿಟ್ಟುಬರಬೇಕು. ಹೆಗಲಪಟ್ಟಿಯು ತೋಳಿಗೆ ಹೋಗುವ ನರಗಳನ್ನು ಅದುಮುತ್ತಿರುವುದರ ಸೂಚನೆಯದು. ಭಾರವನ್ನು ದೀರ್ಘಕಾಲ ಹೀಗೆಯೇ ಹೊತ್ತವರಲ್ಲಿ ತೋಳು ಬಲಗುಂದುವುದನ್ನು ವೈದ್ಯರು ಗುರುತಿಸಿ ಅದಕ್ಕೆ ಬೆನ್ನುಚೀಲದ ಹೆಸರನ್ನೇ ಇಟ್ಟಿದ್ದಾರೆ.

ಕೊಂಡ ಚೀಲವನ್ನು ತುಂಬುವುದರಲ್ಲಿಯೂ ಕ್ರಮವಿದೆ. ಹಗುರವಾದ ಬಟ್ಟೆ ಹೊದಿಕೆಗಳು ತಳದಲ್ಲಿ. ನೀರು, ಪುಸ್ತಕ, ಯಂತ್ರಗಳಂಥ ಭಾರವಾದವು ನಡುವೆ, ಬೆನ್ನಿಗೆ ಅಂಟಿಕೊಂಡಂತೆ. ಆಗಾಗ ಬೇಕಾಗುವ ಬುತ್ತಿ ಮೊದಲಾದವು ಮೇಲೆ. ಅದೇ ಭಾರವು ಬೆನ್ನಿನಿಂದ 10 ಸೆಂಟಿಮೀಟರು ದೂರದಲ್ಲಿದ್ದುದು 20ಕ್ಕೆ ಸರಿದರೆ ಹಿಂದಕ್ಕೆ ಎಳೆಯುವ ಬಲವು ಇಮ್ಮಡಿಯಾಗುತ್ತದೆ. ತಕ್ಕಡಿಯ ಕೋಲನ್ನು ಹಿಡಿದವರೆಲ್ಲರೂ ಇದನ್ನು ಬಲ್ಲರು.

ಕೊನೆಯದಾಗಿ, ಮನೆಯ ಅತ್ಯಂತ ಚಿಕ್ಕ ಪ್ರಯಾಣಿಕರನ್ನು ಕುರಿತು ಒಂದು ಮಾತು. ದೊಡ್ಡವನು ಬೇಡವೆನಿಸಿದಾಗ ಹೊರೆಯನ್ನು ಇಳಿಸಿಯಾನು. ಶಾಲೆಗೆ ಹೋಗುವ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಕರ್ನಾಟಕ ಸರ್ಕಾರವು 2019ರಲ್ಲಿ ಹೊರಡಿಸಿದ ಆದೇಶದಲ್ಲಿ ಒಂದು ಮತ್ತು ಎರಡನೆಯ ತರಗತಿಗಳ ಮಕ್ಕಳ ಚೀಲವು 2 ಕಿಲೋವನ್ನೂ, ಒಂಬತ್ತು ಮತ್ತು ಹತ್ತನೆಯ ತರಗತಿಗಳವರದು 5 ಕಿಲೋವನ್ನೂ ಮೀರಬಾರದೆಂದು ವಿಧಿಸಿತು. 2020ರ ರಾಷ್ಟ್ರೀಯ ಶಾಲಾಚೀಲ ನೀತಿಯೂ ದೇಹತೂಕದ ಹತ್ತರಲ್ಲೊಂದು ಪಾಲೆಂಬ ಮಿತಿಯನ್ನೇ ಹೇಳುತ್ತದೆ. ಆದೇಶವು ಪುಸ್ತಕದಲ್ಲಿದೆ, ಚೀಲವು ಮಗುವಿನ ಬೆನ್ನಿನ ಮೇಲಿದೆ. ಅಡಿಗೆಮನೆಯ ತಕ್ಕಡಿಯಲ್ಲಾಗಲಿ ಕೊಕ್ಕೆಯ ತೂಕದ ಯಂತ್ರದಲ್ಲಾಗಲಿ ಅದನ್ನೊಮ್ಮೆ ತೂಗಿ ನೋಡುವುದಕ್ಕೆ ಎರಡು ನಿಮಿಷವೂ ಬೇಡ. ತಮ್ಮ ಪ್ರಯಾಣಕ್ಕೆ ಚೀಲವನ್ನು ಆರಿಸಹೊರಟ ತಂದೆತಾಯಿಗಳು ಆ ಕೆಲಸವನ್ನು ಮೊದಲು ಮಾಡಲಿ ಎಂಬುದು ನಮ್ಮ ಪ್ರಾರ್ಥನೆ.