ಕಪ್ಪು ಪರದೆ ಬಂದ್ರೆ ಮೊದಲು ಏನು ನೋಡಬೇಕು?

ಕಳೆದ ರಜೆಯಲ್ಲಿ ನಾವು ಮೂವರು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿಗೆ ಹೋಗಿದ್ವಿ. ಅದು ನಮ್ಮಲ್ಲೇ ಒಬ್ಬನ ಊರು. ಅವನ ತಂಗಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಆ ಮೆಷಿನ್‌ಗೆ ಆಗಿಬರಲ್ಲ. ಪಕ್ಕದಲ್ಲೇ ಉಬುಂಟು ಹಾಕಿಕೊಡೋಣ ಅಂತ ಹಾಸ್ಟೆಲ್‌ನಲ್ಲೇ ಪೆನ್‌ಡ್ರೈವ್ ರೆಡಿ ಮಾಡ್ಕೊಂಡಿದ್ವಿ. ಒಂದು ಗಂಟೆ ಕೆಲಸ ಅಂದ್ಕೊಂಡಿದ್ವಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ವಿ. ಮೆನು ಬಂತು. ಮೊದಲನೇ ಸಾಲು ಆರಿಸಿ ಎಂಟರ್ ಒತ್ತಿದ್ವಿ. ಪರದೆ ಪೂರ್ತಿ ಕಪ್ಪು. ಆಫ್ ಮಾಡಿ ಆನ್ ಮಾಡಿದ್ರೂ ಅದೇ. ಪೆನ್‌ಡ್ರೈವ್ ಮತ್ತೆ ಬರೆದ್ರೂ ಅದೇ. ಫೋನ್‌ನಲ್ಲಿ ಸೀನಿಯರ್ ಒಬ್ಬರನ್ನ ಕೇಳಿದ್ವಿ. "ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿ ಹಾಕ್ರೋ" ಅಂದ್ರು. ನಾವೂ ಹೂಂ ಅಂದ್ವಿ. ಅಷ್ಟರಲ್ಲಿ ತಂಗಿ, "ಅಣ್ಣಾ, ಅಜ್ಜಿ ಫೋಟೋ ಎಲ್ಲಾ ಅದರಾಗ ಅದಾವು" ಅಂದ್ಲು. ಅಜ್ಜಿ ಈಗಿಲ್ಲ. ಆ ಫೋಟೋಗಳ ಇನ್ನೊಂದು ಪ್ರತಿಯೂ ಇರಲಿಲ್ಲ. ಬ್ಯಾಕಪ್ ತಗೊಳ್ಳಬೇಕು ಅಂತ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ರಾತ್ರಿ ತ್ರೀ ಫೇಸ್ ಕರೆಂಟ್ ಬರುತ್ತೆ ಅಂತ ಹೊಲಕ್ಕೆ ಹೊರಟಿದ್ದ ಗೆಳೆಯನ ಅಪ್ಪ ಇದನ್ನೆಲ್ಲ ಕೇಳಿಸ್ಕೊಂಡ್ರು. "ಬೋರ್‌ನಾಗ ನೀರು ಬರಲಿಲ್ಲ ಅಂದ್ರ ನಾವು ಮೊದ್ಲ ಕರೆಂಟ್ ಬಂದೈತೇನು ನೋಡ್ತೀವಿ. ಆಮ್ಯಾಲೆ ಸ್ಟಾರ್ಟರ್, ಆಮ್ಯಾಲೆ ಕೇಬಲ್. ಕಡೀಕ ಮೋಟ್ರು ಎತ್ತಸ್ತೀವಿ. ಮೊದ್ಲ ಹೊಸಾ ಬೋರ್ ಹೊಡಸಂಗಿಲ್ಲ" ಅಂದು ಬ್ಯಾಟರಿ ಹಿಡ್ಕೊಂಡು ಹೋದ್ರು.

ಬೂಟ್ ಆಗೋದೂ ಹಾಗೇ, ಒಂದಾದ ಮೇಲೊಂದು. ಪವರ್ ಒತ್ತಿದಾಗ ಮದರ್‌ಬೋರ್ಡ್‌ನಲ್ಲಿರೋ ಫರ್ಮ್‌ವೇರ್ ಎದ್ದು ಬೂಟ್ ಮಾಡೋ ಸಾಧನ ಹುಡುಕುತ್ತೆ. ಅದು ಗ್ರಬ್ ಅನ್ನೋ ಬೂಟ್‌ಲೋಡರ್‌ನ ಎಬ್ಬಿಸುತ್ತೆ. ಗ್ರಬ್ ಲಿನಕ್ಸ್ ಕರ್ನಲ್‌ನ ಮೆಮೊರಿಗೆ ತರುತ್ತೆ. ಕರ್ನಲ್ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಂಡು ಪರದೆಯನ್ನ ತನ್ನ ಕೈಗೆ ತಗೊಳ್ಳುತ್ತೆ. ಆಮೇಲೆ ಲಾಗಿನ್. ಎಲ್ಲಿ ನಿಂತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೇದು: ಪೆನ್‌ಡ್ರೈವ್ ಕಾಣಿಸ್ತಾನೇ ಇಲ್ಲ. ಐಎಸ್‌ಒ ಫೈಲನ್ನ ಸುಮ್ನೆ ಕಾಪಿ ಮಾಡಿದ್ರೆ ಬೂಟ್ ಆಗಲ್ಲ, ರೂಫಸ್ ಅಥವಾ ಎಚರ್ ಥರದ ಟೂಲ್‌ನಿಂದ ಬರೆಯಬೇಕು. ಬೂಟ್ ಮೆನು ಕೀ ಒಂದೊಂದು ಮೆಷಿನ್‌ಗೆ ಒಂದೊಂದು: ಎಫ್12, ಎಫ್9, ಎಸ್ಕೇಪ್. ಡೌನ್‌ಲೋಡ್ ಸರಿಯಾಗಿದೆಯಾ ಅಂತ ಶಾ-256 ಚೆಕ್‌ಸಮ್ ಹೋಲಿಸಿ ನೋಡಿ. ಹಳ್ಳಿ ಸಿಗ್ನಲ್‌ನಲ್ಲಿ ಸುಮಾರು 6 ಜಿಬಿ ಮತ್ತೆ ಇಳಿಸ್ತಾ ಕೂರೋಕಾಗಲ್ಲ.

ಎರಡನೇದು: ಗ್ರಬ್ ಮೆನು ಬರುತ್ತೆ, ಆಮೇಲೆ ಕಪ್ಪು. ನಮ್ಮದು ಇದೇ. ಕ್ಯಾಪ್ಸ್ ಲಾಕ್ ಒತ್ತಿ ನೋಡಿದ್ವಿ, ಲೈಟ್ ಹತ್ತಿ ಆರಿತು. ಅಂದ್ರೆ ಕರ್ನಲ್ ಸತ್ತಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದಾಗ ಅಕ್ಷರದ ಪರದೆ ಬಂದ್ರೆ ಇನ್ನೂ ಖಾತ್ರಿ. ಕೆಟ್ಟಿರೋದು ಡಿಸ್ಪ್ಲೇ ಮಾತ್ರ, ಡಿಸ್ಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಫಾರ್ಮ್ಯಾಟ್ ಮಾಡಿದ್ರೆ ಫೋಟೋ ಹೋಗ್ತಿತ್ತು, ಪರದೆ ಕಪ್ಪಾಗೇ ಇರ್ತಿತ್ತು.

ಇದಕ್ಕೆ ಉಪಾಯ ಸುಲಭ. ಉಬುಂಟು ಪೆನ್‌ಡ್ರೈವ್‌ನ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಅಂತ ಒಂದು ಸಾಲಿರುತ್ತೆ, ಅದನ್ನ ಆರಿಸಿ. ಇಲ್ಲಾಂದ್ರೆ ಮೆನುವಿನಲ್ಲಿ 'ಇ' ಕೀ ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನಲ್ಲಿ 'ಕ್ವೈಟ್ ಸ್ಪ್ಲಾಶ್' ಇರೋ ಜಾಗಕ್ಕೆ ಹೋಗಿ, ಅವೆರಡು ಪದ ಅಳಿಸಿ 'ನೋಮೋಡ್‌ಸೆಟ್' ಅಂತ ಟೈಪ್ ಮಾಡಿ ಎಫ್10 ಒತ್ತಿ. ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬಿಡದೆ ಒಂದೇ ಪದ. "ಗ್ರಾಫಿಕ್ಸ್ ಡ್ರೈವರ್ ಕೈಗೆ ಪರದೆ ಕೊಡಬೇಡ, ಫರ್ಮ್‌ವೇರ್ ಕೊಟ್ಟ ಸಾದಾ ಪರದೆಯಲ್ಲೇ ಮುಂದೆ ಹೋಗು" ಅಂತ ಕರ್ನಲ್‌ಗೆ ಹೇಳೋ ಮಾತು ಅದು. ಹೀಗೆ ಬರೆದದ್ದು ಆ ಒಂದು ಬೂಟ್‌ಗೆ ಮಾತ್ರ, ತಪ್ಪಾದ್ರೂ ಏನೂ ಕೆಡಲ್ಲ. ಕ್ವೈಟ್ ಸ್ಪ್ಲಾಶ್ ಅಳಿಸೋದ್ರಿಂದ ಸಂದೇಶಗಳು ಕಾಣಿಸ್ತವೆ, ಎಲ್ಲಿ ನಿಲ್ಲುತ್ತೆ ಅಂತ ಓದಬಹುದು.

ನಮ್ಮ ಪರದೆ ಬೆಳಗಿತು. ಆದ್ರೂ ಇನ್‌ಸ್ಟಾಲ್ ಒತ್ತಲಿಲ್ಲ. ಲೈವ್ ಸೆಷನ್‌ನಿಂದಲೇ ಡಿಸ್ಕ್ ತೆರೆದು ಮೊದಲು ಫೋಟೋಗಳನ್ನ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕ್ಕೊಂಡ್ವಿ.

ಮೂರನೇದು: ಇನ್‌ಸ್ಟಾಲ್ ಆದ ಮೇಲೆ ಮತ್ತೆ ಕಪ್ಪು. ನೋಮೋಡ್‌ಸೆಟ್ ತಾತ್ಕಾಲಿಕ ಅಷ್ಟೇ, ಸರಿಯಾದ ಡ್ರೈವರ್ ಹಾಕಲೇಬೇಕು. ಉಬುಂಟುನಲ್ಲಿ 'ಅಡಿಷನಲ್ ಡ್ರೈವರ್ಸ್' ಅದಕ್ಕೇ ಇದೆ. ಸೆಕ್ಯೂರ್ ಬೂಟ್ ಆನ್ ಇದ್ರೆ ಆಗ ಒಂದು ಪಾಸ್‌ವರ್ಡ್ ಕೇಳುತ್ತೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನಾವು ಗಾಬರಿಯಲ್ಲಿ 'ಕಂಟಿನ್ಯೂ' ಒತ್ತಿಬಿಟ್ವಿ. ಸಹಿ ಒಪ್ಪಿಗೆಯಾಗದ ಡ್ರೈವರ್‌ನ ಕರ್ನಲ್ ಒಳಗೆ ಬಿಡಲ್ಲ, ಮತ್ತೆ ಕಪ್ಪು. ಪುನಃ ನೋಮೋಡ್‌ಸೆಟ್, ಫೋನ್‌ನಿಂದ ಯುಎಸ್‌ಬಿ ಟೆದರಿಂಗ್, ಡ್ರೈವರ್ ಮತ್ತೊಮ್ಮೆ. ಈ ಸಲ ಸರಿಯಾಗಿ ಎನ್‌ರೋಲ್ ಮಾಡಿದ್ವಿ.

ನಾಲ್ಕನೇದು: ಲಿನಕ್ಸ್ ಹಾಕಿದ್ರೂ ಸೀದಾ ವಿಂಡೋಸ್‌ಗೇ ಹೋಗುತ್ತೆ. ಎಷ್ಟೋ ಸಲ ಯುಇಎಫ್‌ಐ ಸೆಟ್ಟಿಂಗ್ಸ್‌ನ ಬೂಟ್ ಆರ್ಡರ್‌ನಲ್ಲಿ ಉಬುಂಟು ಹೆಸರನ್ನ ಮೇಲೆ ತಂದ್ರೆ ಸಾಕು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ರೆ ಇಂಟೆಲ್ ಆರ್‌ಎಸ್‌ಟಿ ಮೋಡ್ ಇರಬಹುದು. ಅದನ್ನ ಎಎಚ್‌ಸಿಐಗೆ ಬದಲಿಸೋ ಮುಂಚೆ ವಿಂಡೋಸ್‌ನ ಸೇಫ್ ಮೋಡ್‌ಗೆ ಸಿದ್ಧ ಮಾಡಿಡಿ, ಇಲ್ಲಾಂದ್ರೆ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು. ಇಂಥ ಏನೇ ಬದಲಿಸೋ ಮುಂಚೆ ಬಿಟ್‌ಲಾಕರ್ ಇದೆಯಾ ನೋಡಿ, ಇದ್ರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಕೊಳ್ಳಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ.

ರಾತ್ರಿ ಒಂದೂವರೆಗೆ ಗೆಳೆಯನ ಅಪ್ಪ ಹೊಲದಿಂದ ಬಂದಾಗ ಪರದೆ ಮೇಲೆ ಅಜ್ಜಿ ಫೋಟೋ ಇತ್ತು. ತಂಗಿ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ವಿನ್ಯಾಸ ಆರಿಸಿ ಅಜ್ಜಿ ಹೆಸರನ್ನ ಕನ್ನಡದಲ್ಲಿ ಟೈಪ್ ಮಾಡ್ತಿದ್ಲು. ಅವರು ಸ್ವಲ್ಪ ಹೊತ್ತು ನಿಂತು ನೋಡಿ, "ಎಲ್ಲಿ ಕೆಟ್ಟಿತ್ತು?" ಅಂದ್ರು.

"ಸ್ಟಾರ್ಟರ್‌ನಾಗ, ಕಾಕಾ" ಅಂದ್ವಿ.