ಲೋಟದ ಲೆಕ್ಕವೋ, ಬಾಯಾರಿಕೆಯೋ?

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕೆಂಬ ಮಾತು ಎಷ್ಟು ಬೇರೂರಿದೆಯೆಂದರೆ, ಬಾಯಾರಿಕೆಯನ್ನು ನಂಬಿ ಕೂರುವುದೇ ಅಜಾಗರೂಕತೆ ಎನಿಸಿಬಿಟ್ಟಿದೆ. ಆದರೆ ಆರೋಗ್ಯವಂತ ವಯಸ್ಕರ ನಿತ್ಯದ ಬದುಕಿಗೆ ಲೋಟದ ಲೆಕ್ಕಕ್ಕಿಂತ ಮಿದುಳಿನ ಲೆಕ್ಕವೇ ನಿಖರ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ತಡೆಯೊಂದಿದೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದ ಆಸುಪಾಸಿನ ಕೆಲವು ಪುಟ್ಟ ಜಾಗಗಳಲ್ಲಿ ಆ ತಡೆ ಸಡಿಲ. ಅಲ್ಲಿನ ನರಕೋಶಗಳು ರಕ್ತ ಎಷ್ಟು ಗಾಢವಾಗಿದೆಯೆಂದು ಸದಾ ಗಮನಿಸುತ್ತವೆ. ಬೆವರಿನಲ್ಲಿ ನೀರು ಹೋಗಿ ಆ ಗಾಢತೆ ಶೇ. 1ರಿಂದ 2ರಷ್ಟು ಏರಿದರೂ ಸಾಕು, ವಾಸೊಪ್ರೆಸಿನ್ ಹಾರ್ಮೋನು ಹೆಚ್ಚಿ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಗಂಟಲೂ ಒಣಗುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬೆಂಗ್ಟ್ ಆಂಡರ್ಸನ್ ಆಡುಗಳ ಹೈಪೊಥಲಾಮಸ್‌ಗೆ ತುಸು ಗಾಢ ಉಪ್ಪುನೀರು ಚುಚ್ಚಿದಾಗ, ದೇಹದಲ್ಲಿ ನೀರಿಗೆ ಕೊರತೆಯಿಲ್ಲದಿದ್ದರೂ ಅವು ಒಂದೇ ಸಮನೆ ಕುಡಿಯತೊಡಗಿದವು.

ಬಾಯಾರುವ ಹೊತ್ತಿಗೆ ದೇಹ ಆಗಲೇ ಒಣಗಿರುತ್ತದೆ ಎಂಬ ಆಕ್ಷೇಪ ಉಂಟು. ಆದರೆ ನಿರ್ಜಲೀಕರಣವೆಂದು ಸಾಮಾನ್ಯವಾಗಿ ಗುರುತಿಸುವುದು ರಕ್ತದ ಗಾಢತೆ ಶೇ. 5ರಷ್ಟು ಏರಿದಾಗ; ಬಾಯಾರಿಕೆಯ ಕರೆ ಅದಕ್ಕೆ ಬಹಳ ಮೊದಲೇ ಬರುತ್ತದೆ. ಸಾಕೆಂದು ನಿಲ್ಲಿಸುವುದರಲ್ಲೂ ಮಿದುಳು ಮುಂದಾಲೋಚನೆಯದೇ. ಕುಡಿದ ನೀರು ರಕ್ತಕ್ಕೆ ಸೇರಲು ಹತ್ತಾರು ನಿಮಿಷ ಹಿಡಿದರೂ, ಬಾಯಾರಿಕೆಯ ನರಕೋಶಗಳು ಒಂದು ನಿಮಿಷದೊಳಗೆ ತಣ್ಣಗಾಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಸಾಕೆನ್ನುವ ಈ ಸೂಚನೆಯನ್ನು ಮೀರಿ ಕುಡಿಯುವುದು ನಿರಪಾಯವೂ ಅಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡಿ ಬೆವರಿಯೂ ತೂಕ ಹೆಚ್ಚಿಸಿಕೊಂಡವರಲ್ಲೇ, ಅಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದವರಲ್ಲೇ, ಈ ತೊಂದರೆ ಎದ್ದುಕಂಡಿತು.

ಹಾಗೆಂದು ಬಾಯಾರಿಕೆ ಎಲ್ಲರಿಗೂ, ಎಲ್ಲ ಹೊತ್ತಿಗೂ ಸಾಲದು. ಮೈಯ ತಾಪ ಕಾಯುವುದೂ ಹೈಪೊಥಲಾಮಸ್‌ನ ಕೆಲಸವೇ. ಒಂದು ಲೀಟರ್ ಬೆವರು ಪೂರಾ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ತಾಪ ಏರಿದಾಗ ಮಿದುಳು ನೀರನ್ನು ಖರ್ಚು ಮಾಡಿಯಾದರೂ ಮೈ ತಂಪಾಗಿಸುತ್ತದೆ. ಉರಿಬಿಸಿಲಲ್ಲಿ ದುಡಿಯುವವರು ಗಂಟೆಗೆ ಒಂದು ಲೀಟರಿಗೂ ಮೀರಿ ಬೆವರಬಹುದು. ಆ ವೇಗಕ್ಕೆ ಬಾಯಾರಿಕೆ ಹಿಂದೆ ಬೀಳುತ್ತದೆ. ವಯಸ್ಸಾದಂತೆ ಬಾಯಾರಿಕೆಯೇ ಮಂಕಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ವೈದ್ಯರು ಹೆಚ್ಚು ನೀರು ಕುಡಿಯಲು ಹೇಳುತ್ತಾರೆ. ಆದರೆ ಈ ಅಪವಾದಗಳು ಎಂಟು ಲೋಟದ ನಿಯಮಕ್ಕೆ ಬಲ ಕೊಡುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದನ್ನೇ ತೋರಿಸುತ್ತವೆ. ಗದ್ದೆಯಲ್ಲಿ ದುಡಿಯುವವರು ಬಾಯಾರುವ ಮೊದಲೇ ನಡುನಡುವೆ ಕುಡಿಯಲಿ, ಮನೆಯ ಹಿರಿಯರಿಗೆ ಅವರು ಕೇಳುವ ತನಕ ಕಾಯದೆ ನೀರು ಕೊಡೋಣ. ನೆರಳಲ್ಲಿ ಕೂತು ಕೆಲಸ ಮಾಡುವ ಆರೋಗ್ಯವಂತರು ಮಾತ್ರ ಲೋಟ ಎಣಿಸುವುದನ್ನು ನಿಶ್ಚಿಂತೆಯಿಂದ ಬಿಡಬಹುದು.